ಬಿಸ್ಕತ್ತಿಗೆ ಬ್ಯಾಚ್ ನಂಬರ್ ಬೇಕು, ಪಿಸ್ತೂಲಿನ ತೋಟಾಗೆ ಬೇಡವೇ?

ಮೊನ್ನೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಮುಂದೆ ಕನಕಪುರದ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಮಧ್ಯಾಹ್ನದ ಪಾಳಿ ಬಿಟ್ಟ ಹೊತ್ತು. ಒಂದು ಬಸ್ಸು ತುಂಬಿಕೊಂಡು ಬಂತು, ನಿಲ್ಲಿಸದೇ ಹೋಯ್ತು. ಇನ್ನೊಂದು ನಿಂತಿತು, ಹತ್ತೋಕೆ ಆಗಲಿಲ್ಲ. ಬಿಸಿಲು ತಡೆಯಲಾರದೆ ಪಕ್ಕದ ಗುಜರಿ ಅಂಗಡಿಯ ತಗಡಿನ ನೆರಳಿಗೆ ಸರಿದೆ.

ಯಾವ ಕಾರ್ಖಾನೆಗೆ ಕೈತುಂಬ ಕೆಲಸ ಇದೆ, ಯಾವುದು ಏದುಸಿರು ಬಿಡ್ತಾ ಇದೆ ಅಂತ ತಿಳೀಬೇಕಾದ್ರೆ ಮ್ಯಾನೇಜರನ್ನ ಕೇಳಬೇಡಿ, ಗುಜರಿ ಅಂಗಡಿ ನೋಡಿ. ಅಲ್ಲಿ ಕಬ್ಬಿಣದ ರಾಶಿ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ. ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಿತ್ತಾಳೆ: ಲೇತ್‌ನಿಂದ ಬಂದ ಸಿಪ್ಪೆ, ಮುರಿದ ನಲ್ಲಿ, ಹಳೇ ವಾಲ್ವು. ಅದರ ನಡುವೆ ಕಿರುಬೆರಳ ತುದಿಯಷ್ಟು ಒಂದು ಕೊಳವೆ ಕಣ್ಣಿಗೆ ಬಿತ್ತು. ಎತ್ತಿ ನೋಡಿದೆ. ತಳದಲ್ಲಿ ಕಾರ್ಖಾನೆಯ ಅಕ್ಷರ, ಅಳತೆಯ ಅಂಕಿ, ನಡುವೆ ಸೂಜಿ ಬಡಿದ ಒಂದು ಗುಳಿ. ಪಿಸ್ತೂಲಿನ ತೋಟಾ. ಹಾರಿಸಿ ಮುಗಿದದ್ದು.

"ಇದೆಲ್ಲಿಂದ ಬಂತಣ್ಣ?" ಅಂದೆ.

"ಯಾವ್ದು ಸಾರ್? ಓ, ಅದಾ! ದಿನಾ ಹತ್ತು ಜನ ಚೀಲ ತಂದು ಸುರೀತಾರೆ, ಯಾರ ಚೀಲದ್ದು ಅಂತ ಹೇಳಲಿ? ಹಿತ್ತಾಳೆ ಅಂದ್ರೆ ಹಿತ್ತಾಳೆ, ನಮ್ದು ಕೆ.ಜಿ. ಲೆಕ್ಕ" ಅಂದರು ಅಂಗಡಿಯವರು. ತಪ್ಪೇನಿಲ್ಲ, ಅವರ ವ್ಯಾಪಾರವೇ ತೂಕದ್ದು.

ಇಂಥದ್ದನ್ನ ಜೇಬಲ್ಲಿ ಇಟ್ಕೊಂಡು ಓಡಾಡೋದು ಸರಿಯಲ್ಲ ಅಂತ ಒಂದು ಠಾಣೆಗೆ ಒಯ್ದು ಕೊಟ್ಟೆ. ಯಾವ ಠಾಣೆ ಅಂತ ಬರೆಯೋಲ್ಲ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. "ಖಾಲಿ ಅಲ್ವೇನ್ರೀ, ಯಾರೋ ಎಸೆದಿರ್ತಾರೆ ಬಿಡಿ" ಅಂದರು. ನನ್ನ ಕೈಯಿಂದ ತಗೊಂಡಿದ್ದಕ್ಕೆ ಒಂದು ರಸೀದಿ ಕೊಡಿ ಅಂದೆ. ನಕ್ಕರು. ಮೇಜಿನ ಡ್ರಾಯರಿಗೆ ಹಾಕಿದರು. ಡ್ರಾಯರ್ ಮುಚ್ಚಿತು, ಲೆಕ್ಕವೂ ಮುಚ್ಚಿತು.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಆದರೂ ಒಂದು ಮಾತು ತಲೇಲಿ ಕೊರೀತಾ ಇದೆ. ಆ ದಿನ ಬಸ್‌ಸ್ಟಾಂಡಿನ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ಕೊಂಡೆ. ಅದರ ಮೇಲೆ ಬ್ಯಾಚ್ ನಂಬರ್ ಇದೆ, ತಯಾರಾದ ತಾರೀಕು ಇದೆ. ತಲೆನೋವಿನ ಮಾತ್ರೆಗೂ ಇದೆ. ಮನುಷ್ಯನ ಪ್ರಾಣ ತೆಗೆಯುವ ವಸ್ತು ಯಾರಿಗೆ ಮಾರಿದ್ದು, ಯಾರು ಹಾರಿಸಿದ್ದು ಅಂತ ಹೇಳೋಕೆ ಆ ಕೊಳವೆ ಮೇಲೆ ಏನೂ ಇಲ್ಲ. ಪಿಸ್ತೂಲಿಗೆ ನಂಬರ್ ಉಂಟು, ಲೈಸೆನ್ಸಿನಲ್ಲಿ ಆ ನಂಬರ್ ಉಂಟು. ಪಿಸ್ತೂಲಿನ ಹೊಟ್ಟೆಗೆ ಹಾಕೋ ತೋಟಾಗೆ ತನ್ನದೇ ಆದ ನಂಬರ್ ಇಲ್ಲ.

ಸಕ್ಕರೆ ಪೊಟ್ಟಣದ ಲೆಕ್ಕ

ನಮ್ಮ ಕನಕಪುರ, ರಾಮನಗರದ ಕಡೆ ತೋಟಾ ಅಂದ್ರೆ ಮೊದಲು ನೆನಪಾಗೋದು ಕಲ್ಲು ಕ್ವಾರಿಯ ಸಿಡಿಮದ್ದು. ನಾನು ಹೇಳ್ತಾ ಇರೋದು ಅದಲ್ಲ, ಪಿಸ್ತೂಲಿನ ತೋಟಾ. ಹಳಬರು ಕಾಡತೂಸು ಅಂತಿದ್ದರು. ಅದರಲ್ಲಿ ನಾಲ್ಕೇ ಭಾಗ. ಒಂದು ಹಿತ್ತಾಳೆ ಕೊಳವೆ. ಅದರ ತಳದಲ್ಲಿ ಪೆಟ್ಟು ಬಿದ್ದರೆ ಕಿಡಿ ಕಾರುವ ಕೇಪು. ಒಳಗೆ ಮದ್ದು. ತುದಿಯಲ್ಲಿ ಗುಂಡು. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಒಂದು ಸಲ ಕುದುರೆ ಎಳೆದರೆ ಒಂದು ಗುಂಡು ಹಾರುತ್ತೆ. ಅದೇ ಜೋರಿನಲ್ಲಿ ಖಾಲಿ ಕೊಳವೆ ಹೊರಗೆ ಚಿಮ್ಮುತ್ತೆ, ಮುಂದಿನ ತೋಟಾ ತಾನಾಗಿ ಬಂದು ಕೂರುತ್ತೆ. ರಿವಾಲ್ವರ್ ಹಾಗಲ್ಲ, ಖಾಲಿ ಕೊಳವೆಯನ್ನ ತನ್ನ ಚಕ್ರದಲ್ಲೇ ಇಟ್ಕೊಂಡಿರುತ್ತೆ. ಪಿಸ್ತೂಲು ಹಾರಿಸಿದವನು ನೆಲದ ಮೇಲೆ ಸಾಕ್ಷಿ ಬಿಟ್ಟು ಹೋಗ್ತಾನೆ ಅನ್ನೋದನ್ನ ಮನಸ್ಸಿನಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಅದರ ಜೋರು ಎಷ್ಟು? ಅಂಗಡಿಯವರಿಗೆ ತಿಳಿಯೋ ಹಾಗೆ ಹೇಳ್ತೀನಿ. ಒಂದು ಕೆ.ಜಿ. ಸಕ್ಕರೆ ಪೊಟ್ಟಣವನ್ನ ಆರನೇ ಮಹಡಿಯಿಂದ, ಅಂದ್ರೆ ಸುಮಾರು 20 ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಎಷ್ಟು ಪೆಟ್ಟು ಬೀಳುತ್ತೋ, ಪಾಯಿಂಟ್ 32 ಬೋರಿನ ಪಿಸ್ತೂಲಿನ ಗುಂಡಿನಲ್ಲಿ ಹತ್ತಿರ ಹತ್ತಿರ ಅಷ್ಟು ಶಕ್ತಿ. 7.65 ಮಿ.ಮೀ. ಅನ್ನೋದೂ ಇದಕ್ಕೇ. ಪೊಲೀಸರು, ಸೈನಿಕರು ಬಳಸೋ 9 ಮಿ.ಮೀ. ಗುಂಡಿಗೆ ಅದೇ ಪೊಟ್ಟಣವನ್ನ 50 ಮೀಟರ್ ಮೇಲಿಂದ ಬಿಡಬೇಕು. 1983ರಲ್ಲಿ ಪರದೇಶದಲ್ಲಿ ಬಂದ 10 ಮಿ.ಮೀ. ಗುಂಡಿಗೆ 85 ಮೀಟರಿಗೂ ಮೇಲಿಂದ. ಸಕ್ಕರೆ ಪೊಟ್ಟಣ ಅಂಗೈ ಅಗಲಕ್ಕೆ ಬೀಳುತ್ತೆ. ಗುಂಡು ಒಂದು ಸೆಂಟಿಮೀಟರ್ ಅಗಲವೂ ಇಲ್ಲದ ತುದಿಯಲ್ಲಿ ಅಷ್ಟನ್ನೂ ಒಂದೇ ಕಡೆ ಇಳಿಸುತ್ತೆ. 9 ಮಿ.ಮೀ. ಗುಂಡಿನ ವೇಗ ಶಬ್ದದ ವೇಗಕ್ಕಿಂತ ಜಾಸ್ತಿ. ಕಾರಿನ ಬಾಗಿಲ ತಗಡು ಅದಕ್ಕೆ ಅಡ್ಡಿಯಲ್ಲ. ಬಸ್ಸಿನ ತಗಡನ್ನ ನೀವೇ ದಿನಾ ನೋಡ್ತೀರಿ, ನಾನು ಹೇಳಬೇಕಾಗಿಲ್ಲ.

ಈ ಜೋರಿನ ಹುಚ್ಚಿಗೂ ಒಂದು ಕತೆ ಇದೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಕಾಳಗದಲ್ಲಿ ಎಫ್.ಬಿ.ಐ.ನ ಇಬ್ಬರು ಸತ್ತರು, ಐವರಿಗೆ ಗಾಯ. ನಮ್ಮ 9 ಮಿ.ಮೀ. ಗುಂಡು ದರೋಡೆಕೋರನ ಹೃದಯದ ತನಕ ಇಳೀಲಿಲ್ಲ, ಅದಕ್ಕೇ ಹೀಗಾಯ್ತು ಅಂತ ಅವರು ಲೆಕ್ಕ ಹಾಕಿದರು. 10 ಮಿ.ಮೀ.ಗೆ ಹೋದರು. ಅದರ ಒದೆತ ತಾಳಲಾರದೆ 1990ರ ಹೊತ್ತಿಗೆ ಸ್ವಲ್ಪ ಕಡಿಮೆ ಜೋರಿನ ಹೊಸ ತೋಟಾ ಹುಟ್ಟಿಕೊಂಡಿತು. ಮುಂದೆ ಸುಮಾರು 2015ರಲ್ಲಿ ತಿರುಗಿ 9 ಮಿ.ಮೀ.ಗೇ ಬಂದರು. ಊರೆಲ್ಲ ಸುತ್ತಿ ಬಂದು ಮನೆ ಜಗಲಿ ಮೇಲೇ ಕೂತ ಹಾಗೆ.

ನಮ್ಮ ದೇಶದಲ್ಲಿ 9 ಮಿ.ಮೀ. ನಿಷೇಧಿತ ಬೋರು. ಸಾಮಾನ್ಯ ಲೈಸೆನ್ಸುದಾರ ಅದನ್ನ ಇಟ್ಕೊಳ್ಳುವಂತಿಲ್ಲ. ಅವನ ಪಾಲಿಗೆ ಪಾಯಿಂಟ್ 32. ಹಾಗಾದರೆ ಚಿಕ್ಕ ಗುಂಡು, ಚಿಂತೆಯಿಲ್ಲ ಅಂತೀರಾ? ಸ್ವಲ್ಪ ತಡೀರಿ.

ಲೇತ್‌ನಲ್ಲಿ ಆಗೋದು, ಆಗದೇ ಇರೋದು

ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತು ವರ್ಷದಿಂದ ಲೇತ್ ನಡೆಸೋ ಒಬ್ಬ ಅಣ್ಣ ನನಗೆ ಪರಿಚಯ. ಟೀ ಅಂಗಡಿಯಲ್ಲಿ ಸಿಕ್ಕಾಗ ಕೊಳವೆ ಕತೆ ಹೇಳಿದೆ. ಅವರು ಬೀಡಿ ಆರಿಸಿ ಒಂದು ಮಾತು ಹೇಳಿದರು.

"ನೋಡು ತಮ್ಮ, ಕೆಟ್ಟ ಬುದ್ಧಿ ಇರೋನಿಗೆ ಯಾವುದೋ ಮೂಲೇಲಿ ನಾಡ ಪಿಸ್ತೂಲು ಮಾಡಿಕೊಡೋರು ಸಿಕ್ಕೇ ಸಿಗ್ತಾರೆ. ಅದು ಕಬ್ಬಿಣದ ಕೆಲಸ. ಆದ್ರೆ ತೋಟಾ ಹಂಗಲ್ಲ. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಕೂರಲ್ಲ. ಮದ್ದು ಬೇಕು, ಕೇಪು ಬೇಕು. ಅದು ದೊಡ್ಡ ಕಾರ್ಖಾನೆ ಮಾಲು. ಎಲ್ಲಿಂದಲೋ ಸೋರಿಯೇ ಬರಬೇಕು."

ಆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಬಿಹಾರದ ಮುಂಗೇರ್‌ನಲ್ಲಿ ನವಾಬ್ ಮೀರ್ ಖಾಸಿಮನ ಕಾಲದಿಂದ, ಅಂದ್ರೆ 1760ರ ದಶಕದಿಂದ ಬಂದೂಕು ಮಾಡ್ತಾ ಬಂದಿದ್ದಾರೆ. ಇವತ್ತು ಅಲ್ಲಿ ಲೈಸೆನ್ಸಿನ ಕೆಲಸವೂ ಉಂಟು, ಕದ್ದುಮುಚ್ಚಿದ ಕೆಲಸವೂ ಉಂಟು. ಅಲ್ಲಿಯ ನಾಡ ಪಿಸ್ತೂಲು ದೇಶದ ಮೂಲೆಮೂಲೆಗೆ ಹೋಗಿದೆ. ತೋಟಾ ಮಾಡೋದು ಬೇರೆಯದೇ ಕಸುಬು. ಪುಣೆ ಪಕ್ಕದ ಖಡ್ಕಿಯಲ್ಲಿ, ಜಳಗಾಂವ್ ಜಿಲ್ಲೆಯ ವರಣಗಾಂವ್‌ನಲ್ಲಿ ಸರ್ಕಾರದ್ದೇ ಮದ್ದುಗುಂಡಿನ ಕಾರ್ಖಾನೆಗಳಿವೆ. 2021ರ ಅಕ್ಟೋಬರಿನಿಂದ ಅವು ಮ್ಯುನಿಷನ್ಸ್ ಇಂಡಿಯಾ ಅನ್ನೋ ಸರ್ಕಾರಿ ಕಂಪನಿಯ ಕೆಳಗಿವೆ. ನಾಡ ಪಿಸ್ತೂಲಿಗೆ ಸಾವಿರ ಅಪ್ಪಂದಿರು. ತೋಟಾಗೆ ಅಪ್ಪಂದಿರು ಬೆರಳೆಣಿಕೆ. ಅಂದ ಮೇಲೆ ಯಾವುದರ ಲೆಕ್ಕ ಇಡೋದು ಸುಲಭ, ಸ್ವಾಮಿ?

ನಮ್ಮ ಸರ್ಕಾರ ಬಂದೂಕು ಎಣಿಸೋದರಲ್ಲಿ ಶೂರ. ಚುನಾವಣೆ ಬಂತು ಅಂದ್ರೆ ಲೈಸೆನ್ಸ್ ಬಂದೂಕುಗಳನ್ನ ಠಾಣೆಗೆ ಒಪ್ಪಿಸಿ ಅಂತ ಪ್ರಕಟಣೆ. 2023ರ ವಿಧಾನಸಭೆ, 2024ರ ಲೋಕಸಭೆ, ಅದೇ ವರ್ಷ ನವೆಂಬರಿನಲ್ಲಿ ನಮ್ಮ ಚನ್ನಪಟ್ಟಣದ ಉಪಚುನಾವಣೆ. ಒಂದಾದ ಮೇಲೊಂದು ಚುನಾವಣೆ, ಒಂದೇ ಪ್ರಕಟಣೆ. ಬಂದೂಕು ಗೋಡೆಗೆ ಒರಗಿತು, ಶಾಂತಿ ನೆಲೆಸಿತು! ಅದರ ಜೊತೆ ಕೊಂಡಿದ್ದ ತೋಟಾ ಎಷ್ಟು, ಉಳಿದಿದ್ದು ಎಷ್ಟು, ಹಾರಿಸಿದ್ದು ಎಲ್ಲಿ, ಯಾಕೆ ಅಂತ ಕೂತು ತಾಳೆ ನೋಡಿದವರನ್ನ ನಾನಂತೂ ಕಂಡಿಲ್ಲ.

ಬ್ರಿಟಿಷರಿಗೆ ಗೊತ್ತಿತ್ತು

ಬಂದೂಕಿಗಿಂತ ತೋಟಾ ಮುಖ್ಯ ಅನ್ನೋದು ನಾನು ಕಂಡುಹಿಡಿದ ಮಾತಲ್ಲ. ನಮ್ಮನ್ನ ಆಳಿದ ಬ್ರಿಟಿಷರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಅವರ ಸಿಪಾಯಿಗಳ ಹಳೇ ಮಾರ್ಟಿನಿ ಹೆನ್ರಿ ರೈಫಲ್ಲುಗಳು ಕಳ್ಳತನವಾಗಿ ಜನರ ಕೈ ಸೇರಿದ್ದವು. ಕಳುವಾದ ಬಂದೂಕು ಮನೆಮನೆ ಹುಡುಕೋದು ಕಷ್ಟ. ಅದಕ್ಕೆ 1907ರ ಹೊತ್ತಿಗೆ ಆ ಅಳತೆಯ ಗುಂಡನ್ನೇ ಇಂಡಿಯಾದಲ್ಲಿ ನಿಷೇಧ ಮಾಡಿದರು. ಹುಲಿ, ಆನೆ ಬೇಟೆ ಆಡೋ ಸಾಹೇಬರುಗಳು ಗೋಳಾಡಿದರು. ಲಂಡನ್ನಿನ ಬಂದೂಕು ಕಂಪನಿಗಳು ಅವರಿಗಾಗಿ ಬೇರೆ ಅಳತೆಯ ತೋಟಾ ಮಾಡಬೇಕಾಯ್ತು. ಇವತ್ತಿನ ನಿಷೇಧಿತ ಬೋರು ಅನ್ನೋದರ ಬೇರು ಇಲ್ಲಿದೆ. ಸಿಪಾಯಿಯ ಗುಂಡು ಪ್ರಜೆಯ ಬಂದೂಕಿನಲ್ಲಿ ಕೂರಬಾರದು.

ನಮ್ಮ ಕ್ರಾಂತಿಕಾರಿಗಳಿಗೂ ಇದು ಗೊತ್ತಿತ್ತು. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ರೊಡ್ಡಾ ಕಂಪನಿಗೆ ಬಂದ ಮಾಲಿನಲ್ಲಿ ಒಂದು ಎತ್ತಿನ ಗಾಡಿಯೇ ಮಾಯವಾಯ್ತು. ಅದರಲ್ಲಿದ್ದದ್ದು 50 ಮೌಸರ್ ಪಿಸ್ತೂಲು. ತೋಟಾ? 46,000! ಪಿಸ್ತೂಲೊಂದಕ್ಕೆ 900ಕ್ಕೂ ಮೇಲೆ. ಆ ಕಾಲಕ್ಕೆ ಮೌಸರಿನ ತೋಟಾದಷ್ಟು ವೇಗದ ಪಿಸ್ತೂಲು ಗುಂಡು ಬೇರೆ ಇರಲಿಲ್ಲ. ಬಂಗಾಳದ ಪೊಲೀಸರ ನಿದ್ದೆ ವರ್ಷಗಟ್ಟಲೆ ಕೆಟ್ಟಿತು. ಬರೀ 50 ಪಿಸ್ತೂಲು ಹೋಗಿದ್ದರೆ ಅಷ್ಟು ಕೆಡುತ್ತಿರಲಿಲ್ಲ.

ಇದರ ಉಲ್ಟಾ ಕತೆ ಚಿತ್ತಗಾಂಗ್‌ನದು. 1930ರ ಏಪ್ರಿಲ್ 18ರ ರಾತ್ರಿ ಸೂರ್ಯಸೇನರ ಹುಡುಗರು ಶಸ್ತ್ರಾಗಾರಕ್ಕೆ ನುಗ್ಗಿದರು. ಆಕ್ಸಿಲಿಯರಿ ಫೋರ್ಸಿನ ಉಗ್ರಾಣದಲ್ಲಿ ರೈಫಲ್ ಸಿಕ್ಕವು, ಲೂಯಿಸ್ ಗನ್ ಸಿಕ್ಕವು. ಅವಕ್ಕೆ ಹಾಕೋ ತೋಟಾ ಮಾತ್ರ ಸಿಗಲಿಲ್ಲ. ಅಷ್ಟು ದೊಡ್ಡ ಸಾಹಸ ಮಾಡಿ, ಕೈಗೆ ಬಂದ ಬಂದೂಕು ಒನಕೆಗೆ ಸಮ ಆಯ್ತು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಪಾರ್ಕಿನಲ್ಲಿ ಚಂದ್ರಶೇಖರ ಆಜಾದ್ ತಮ್ಮ ಕೋಲ್ಟ್ ಪಿಸ್ತೂಲು ಹಿಡಿದು ಪೊಲೀಸರ ಜೊತೆ ಹೋರಾಡಿದರು. ಕೊನೆಯ ಗುಂಡನ್ನ ತಮಗೇ ಇಟ್ಟುಕೊಂಡರು ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಎಣಿಸಿ ಇಟ್ಟುಕೊಂಡವರು ಅವರು. ಎಣಿಸಬೇಕಾದ ಸರ್ಕಾರ ಎಣಿಸದೇ ಕೂತಿದ್ದರೆ ಹೇಗೆ?

ಹಿತ್ತಾಳೆ ಹೇಳಿದ ಸಾಕ್ಷಿ

ಹಳೇ ಕತೆ ಹಾಗಿರಲಿ, ನಮ್ಮ ಕಾಲಕ್ಕೆ ಬರೋಣ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಮನೆ ಬಾಗಿಲಲ್ಲೇ ಗೌರಿ ಲಂಕೇಶರನ್ನ ಕೊಂದರು. ನಮ್ಮಂಥ ಪೇಪರ್ ಕಸುಬಿನವರಿಗೆ ಆ ರಾತ್ರಿ ಮರೆಯೋ ಹಾಗಿಲ್ಲ. ಊರು ಬೇರೆ, ವರ್ಷ ಬೇರೆ. ಎರಡಕ್ಕೂ ಗಂಟು ಹಾಕಿದ್ದು ಯಾರು? ಕಂಡವರಲ್ಲ, ಕೇಳಿದವರಲ್ಲ. ಸ್ಥಳದಲ್ಲಿ ಸಿಕ್ಕ ಗುಂಡು ಮತ್ತು ಖಾಲಿ ಕೊಳವೆ.

ಪಿಸ್ತೂಲಿನ ಸೂಜಿ ಕೇಪಿಗೆ ಬಡಿದಾಗ ಒಂದು ಗುಳಿ ಬೀಳುತ್ತೆ. ಕೊಳವೆಯನ್ನ ಹೊರಗೆ ಎಸೆಯೋ ಕೊಕ್ಕೆ ಒಂದು ಗೀರು ಬಿಡುತ್ತೆ. ನಳಿಗೆ ಗುಂಡಿನ ಮೈಮೇಲೆ ಗೆರೆ ಎಳೆಯುತ್ತೆ. ಒಂದು ಪಿಸ್ತೂಲಿನ ಗೆರೆ ಇನ್ನೊಂದಕ್ಕೆ ಹೊಂದೋಲ್ಲ, ಹೆಬ್ಬೆಟ್ಟಿನ ಗುರುತಿನ ಹಾಗೆ. ಎರಡೂ ಕೊಲೆಗೆ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಬಳಸಿದ್ದಾರೆ ಅಂತ ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಪಿಸ್ತೂಲು ಕೈಗೆ ಸಿಗದೆಯೇ ಹಿತ್ತಾಳೆ ಇಷ್ಟನ್ನ ಹೇಳಿತು. ಗೌರಿ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಮೊದಲು ಸಿಕ್ಕಿಬಿದ್ದ ಆರೋಪಿಯನ್ನ ಹಿಡಿದದ್ದು ಯಾವುದಕ್ಕೆ ಗೊತ್ತೇ? ಅಕ್ರಮವಾಗಿ ಜೀವಂತ ಗುಂಡು ಇಟ್ಟುಕೊಂಡಿದ್ದ ಆರೋಪಕ್ಕೆ. ಯಾರು ತಪ್ಪಿತಸ್ಥರು ಅಂತ ಹೇಳೋದು ನ್ಯಾಯಾಲಯದ ಕೆಲಸ. ದಾರಿ ತೋರಿಸಿದ್ದು ತೋಟಾ ಅನ್ನೋದಷ್ಟೇ ನನ್ನ ಮಾತು.

ಚಿಕ್ಕ ಗುಂಡು, ಚಿಂತೆಯಿಲ್ಲ ಅಂದವರಿಗೆ ಉತ್ತರವೂ ಇಲ್ಲೇ ಇದೆ. 10 ಮಿ.ಮೀ. ಬೇಕಾಗಲಿಲ್ಲ, 9 ಮಿ.ಮೀ.ಯೂ ಬೇಕಾಗಲಿಲ್ಲ. ಆರನೇ ಮಹಡಿಯ ಸಕ್ಕರೆ ಪೊಟ್ಟಣವೇ ಸಾಕಾಯ್ತು. ಗುಂಡು ಎಷ್ಟು ಜೋರಿನದು ಅನ್ನೋದು ಸಂತೆ ಮಾತು. ಅದು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದೇ ಪ್ರಶ್ನೆ.

ಇದೆಲ್ಲ ದೊಡ್ಡವರ ಸಮಾಚಾರ, ನಮಗೇನು ಅಂತ ಅಂಗಡಿಯವರು ಅನ್ನಬಹುದು. 2021ರ ಆಗಸ್ಟ್ 23ರಂದು ಮೈಸೂರಿನ ವಿದ್ಯಾರಣ್ಯಪುರಂನ ಚಿನ್ನದಂಗಡಿಗೆ ದರೋಡೆಕೋರರು ನುಗ್ಗಿದರು. ಅವರ ಗುಂಡು ತಗುಲಿ ಸತ್ತದ್ದು ಅಂಗಡಿ ಮಾಲೀಕರಲ್ಲ, ಒಡವೆ ಕೊಳ್ಳೋಕೆ ಬಂದಿದ್ದ ಒಬ್ಬ ಬಡ ಹುಡುಗ. 2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ ಎ.ಟಿ.ಎಂ.ಗೆ ಹಣ ತುಂಬೋ ಗಾಡಿಯವರ ಮೇಲೆ ಗುಂಡು ಹಾರಿಸಿ ದುಡ್ಡಿನ ಪೆಟ್ಟಿಗೆ ಹೊತ್ತೊಯ್ದರು. ಹೊಟ್ಟೆಪಾಡಿಗೆ ದುಡಿಯೋ ಒಬ್ಬರ ಪ್ರಾಣ ಹೋಯ್ತು. ಗುಂಡಿಗೆ ಗಿರಾಕಿ ಯಾರು, ಮಾಲೀಕ ಯಾರು, ಬಸ್ಸಿಗೆ ಕಾಯೋನು ಯಾರು ಅಂತ ಗೊತ್ತಾಗೋಲ್ಲ.

ಬ್ರೆಜಿಲ್ ಕಲಿಸಿದ ಪಾಠ

ಬೇರೆ ಕಡೆ ಇದಕ್ಕೆ ಏನು ಮಾಡಿದ್ದಾರೆ? ಬ್ರೆಜಿಲ್ ದೇಶದಲ್ಲಿ 2003ರಲ್ಲಿ ಒಂದು ಕಾನೂನು ಬಂತು. ಪೊಲೀಸ್ ಮತ್ತು ಸೈನ್ಯಕ್ಕೆ ಮಾರೋ ತೋಟಾದ ತಳದಲ್ಲಿ ಲಾಟ್ ನಂಬರ್ ಕೊರೆದಿರಬೇಕು. 2018ರ ಮಾರ್ಚ್ 14ರಂದು ರಿಯೊ ಡಿ ಜನೈರೊ ನಗರಸಭೆಯ ಸದಸ್ಯೆ ಮರಿಯೆಲ್ ಫ್ರಾಂಕೊ ಮತ್ತು ಅವರ ಕಾರಿನ ಡ್ರೈವರನ್ನ ಗುಂಡಿಟ್ಟು ಕೊಂದರು. ರಸ್ತೆಯಲ್ಲಿ ಬಿದ್ದಿದ್ದ 9 ಮಿ.ಮೀ. ಕೊಳವೆ ತಿರುಗಿಸಿ ನೋಡಿದರೆ ಲಾಟ್ ನಂಬರ್ ಇತ್ತು. ಅದು 2006ರಲ್ಲಿ ಅಲ್ಲಿಯ ಫೆಡರಲ್ ಪೊಲೀಸರಿಗೇ ಮಾರಿದ್ದ ಮಾಲು! 2015ರ ಆಗಸ್ಟಿನಲ್ಲಿ ಸಾವೊ ಪಾಲೊ ಪಕ್ಕದಲ್ಲಿ 17 ಜನರನ್ನ ಕೊಂದಾಗಲೂ ಅದೇ ಲಾಟಿನ ಕೊಳವೆ ಸಿಕ್ಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಅಂತ ಇಡೀ ದೇಶಕ್ಕೆ ಗೊತ್ತಾಯ್ತು. ಮರಿಯೆಲ್ ಕೊಲೆಗೆ 2024ರ ಅಕ್ಟೋಬರಿನಲ್ಲಿ ಇಬ್ಬರು ಮಾಜಿ ಪೊಲೀಸರಿಗೆ ಶಿಕ್ಷೆ ಆಯ್ತು.

ಅಲ್ಲೂ ಒಂದು ತೂತು ಇತ್ತು. ಆ ಒಂದೇ ಲಾಟಿನಲ್ಲಿ ಹತ್ತು ಲಕ್ಷಕ್ಕೂ ಮೇಲೆ ತೋಟಾ ತಯಾರಾಗಿ ದೇಶವೆಲ್ಲ ಹಂಚಿಹೋಗಿತ್ತು. ಹಾಗಾಗಿ ಯಾವ ಕಚೇರಿಯ ಯಾವ ಪೆಟ್ಟಿಗೆಯಿಂದ ಸೋರಿದ್ದು ಅಂತ ಕೊಳವೆಯೊಂದೇ ಹೇಳಲಾರದಾಯ್ತು. ಊರಿಗೆಲ್ಲ ಒಂದೇ ಮನೆ ನಂಬರ್ ಕೊಟ್ಟರೆ ಪೋಸ್ಟ್‌ಮನ್ ಏನು ಮಾಡ್ಯಾನು? ಲಾಟ್ ಚಿಕ್ಕದಿರಬೇಕು. ಅದೂ ಪಾಠವೇ.

ಕಾನೂನು ಇದೆ, ಕೆಲಸ ಬೇಕು

ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ ಸ್ವಾಮಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಹೇಗೋ ತೋಟಾಗೂ ಹಾಗೇ ಲೈಸೆನ್ಸ್ ಬೇಕು ಅನ್ನುತ್ತೆ. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತೆ. ಮಾರೋ ಅಂಗಡಿಯವರು ರಿಜಿಸ್ಟರ್ ಇಡಬೇಕು. 2019ರ ತಿದ್ದುಪಡಿ ಇನ್ನೂ ಬಿಗಿ. ಒಬ್ಬರಿಗೆ ಮೂರು ಬಂದೂಕು ಅಂತ ಇದ್ದದ್ದು ಎರಡಕ್ಕೆ ಇಳೀತು. ಮದುವೆ ಮೆರವಣಿಗೆಯಲ್ಲಿ ಜಂಬಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಎಲ್ಲಕ್ಕಿಂತ ಮುಖ್ಯವಾದದ್ದು 44-ಎ ಅನ್ನೋ ಹೊಸ ಕಲಂ. ಬಂದೂಕು ಮತ್ತು ತೋಟಾಗಳನ್ನ ತಯಾರಿಸಿದವನಿಂದ ಕೊಂಡವನ ತನಕ ಜಾಡು ಹಿಡಿಯೋಕೆ ನಿಯಮ ಮಾಡುವ ಅಧಿಕಾರವನ್ನ ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಜಾಡು ಬರೀ ಕಾಗದದ ಮೇಲಿದ್ದರೆ ಸಾಲದು. ಹಿತ್ತಾಳೆ ಮೇಲೆ ಇರಬೇಕು.

ಇದಕ್ಕೆ ಏನು ಮಾಡಬೇಕು ಅಂತ ಒಬ್ಬ ಸಾಮಾನ್ಯ ವರದಿಗಾರ ಹೇಳಬಹುದಾದ್ದು ನಾಲ್ಕು ಮಾತು.

ಒಂದು: ಪ್ರತಿ ತೋಟಾದ ತಳದಲ್ಲೂ ಚಿಕ್ಕ ಲಾಟಿನ ನಂಬರ್ ಕೊರೆಯಲಿ. ಪೊಲೀಸರದ್ದಿರಲಿ, ಪ್ರಜೆಗಳದ್ದಿರಲಿ. ಬಂದೂಕಿನ ಅಂಗಡಿ ಬಿಲ್ಲಿನಲ್ಲೂ, ಲೈಸೆನ್ಸಿನಲ್ಲೂ ಅದೇ ನಂಬರ್ ಬರೆಯಲಿ.

ಎರಡು: ಖಾಲಿ ಕೊಟ್ಟವರಿಗೆ ಹೊಸದು. ಗ್ಯಾಸ್ ಸಿಲಿಂಡರ್ ಹೇಗೆ ತರ್ತೀರಿ? ಖಾಲಿ ಕೊಟ್ಟು ತುಂಬಿದ್ದು ತರ್ತೀರಿ. ಗೋಲಿ ಸೋಡಾ ಕುಡಿದರೆ ಬಾಟ್ಲಿ ವಾಪಸ್ ಕೊಡದೇ ಅಂಗಡಿಯವರು ಬಿಡ್ತಾರಾ? ಪೊಲೀಸರ ಫೈರಿಂಗ್ ಅಭ್ಯಾಸದಲ್ಲೂ ಹಾರಿಸಿದ ಮೇಲೆ ಖಾಲಿ ಕೊಳವೆ ಎಣಿಸಿ ವಾಪಸ್ ಕೊಡೋದು ವಾಡಿಕೆ. ಅದೇ ಪದ್ಧತಿ ಪಿಸ್ತೂಲಿನ ಲೈಸೆನ್ಸುದಾರರಿಗೂ ಬರಲಿ.

ಮೂರು: ಲೈಸೆನ್ಸ್ ನವೀಕರಣಕ್ಕೆ ಬಂದಾಗ, ಚುನಾವಣೆಗೆ ಬಂದೂಕು ಒಪ್ಪಿಸಿದಾಗ, ತೋಟಾವನ್ನೂ ಎಣಿಸಿ ತಾಳೆ ನೋಡಲಿ. ಇದಕ್ಕೆ ದೆಹಲಿಗೆ ಕಾಗದ ಬರೆದು ಕಾಯಬೇಕಾಗಿಲ್ಲ. ಈಗ ಬೆಂಗಳೂರು ದಕ್ಷಿಣ ಅಂತ ಹೆಸರು ಹೊತ್ತ ನಮ್ಮ ಜಿಲ್ಲೆಯ ಜಿಲ್ಲಾಧಿಕಾರಿಗಳೇ ಶುರು ಮಾಡಬಹುದು.

ನಾಲ್ಕು: ಗುಜರಿ ಅಂಗಡಿಯಲ್ಲಿ ಇಂಥ ಕೊಳವೆ ಕಂಡರೆ ತೂಕಕ್ಕೆ ಹಾಕದೇ ಠಾಣೆಗೆ ಕೊಡಲಿ. ಕೊಟ್ಟವರನ್ನ ಕಳ್ಳರ ಹಾಗೆ ನೋಡದೆ, ಠಾಣೆಯವರು ಒಂದು ರಸೀದಿ ಕೊಡಲಿ.

ಕಳ್ಳ ಬಿಲ್ ತಗೋತಾನಾ?

ಈ ಲೇಖನದ ವಿಷಯ ಹೇಳಿದಾಗ ಒಬ್ಬ ಕಿರಾಣಿ ಅಂಗಡಿಯ ಯಜಮಾನರು ನಕ್ಕರು. "ಅಲ್ಲಯ್ಯಾ, ಕಳ್ಳ ಬಿಲ್ ತಗೊಂಡು ತೋಟಾ ಕೊಳ್ತಾನಾ? ನಿನ್ನ ನಂಬರಿನಿಂದ ತೊಂದ್ರೆ ಆಗೋದು ಮರ್ಯಾದಸ್ಥರಿಗೇ" ಅಂದರು. ಕೇಳಬೇಕಾದ ಪ್ರಶ್ನೆಯೇ.

ಕಳ್ಳ ಬಿಲ್ ತಗೊಳ್ಳೋಲ್ಲ, ನಿಜ. ಆದರೆ ಕಳ್ಳನಿಗೆ ಕೊಟ್ಟವನು ಒಂದು ಕಾಲಕ್ಕೆ ಬಿಲ್ ತಗೊಂಡೇ ಇರ್ತಾನೆ. ಕಾರ್ಖಾನೆಯಿಂದ ಹೊರಡೋವಾಗ ಎಲ್ಲ ತೋಟಾವೂ ಮರ್ಯಾದಸ್ಥರದ್ದೇ. ದಾರಿಯಲ್ಲಿ ಎಲ್ಲೋ ಒಂದು ಕಡೆ ಕೈ ಬದಲಾಗುತ್ತೆ. ಆ ಕೈ ಯಾವುದು ಅಂತ ತಿಳಿಯೋ ಭಯ ಇದ್ದರೆ ಹತ್ತರಲ್ಲಿ ಒಂಬತ್ತು ಜನ ಕೈ ಹಿಂದಕ್ಕೆ ಎಳೀತಾರೆ. ಪಡಿತರ ಅಕ್ಕಿ ಕಾಳಸಂತೆಗೆ ಹೋಗೋದೂ ಹೀಗೇ ಅಲ್ಲವೇ? ಗದ್ದೆಯಿಂದ ನೇರ ಯಾರೂ ಕದಿಯೋಲ್ಲ, ಉಗ್ರಾಣದಿಂದ ಅಂಗಡಿಗೆ ಬರೋ ನಡುವೆ ಸೋರುತ್ತೆ.

ಕಾಡಂಚಿನ ರೈತರು ಹಂದಿ, ಆನೆ ಕಾಟಕ್ಕೆ ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಂಡಿದ್ದಾರೆ. ಅವರನ್ನ ಗೋಳುಹೊಯ್ದುಕೊಳ್ಳಿ ಅಂತ ನಾನು ಹೇಳ್ತಾ ಇಲ್ಲ. ಸೊಂಟದಲ್ಲಿ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟು, ಬಸ್ಸಿನಲ್ಲಿ ನಿಮ್ಮ ಪಕ್ಕ ಬಂದು ಕೂರಬಹುದಾದ ಪಿಸ್ತೂಲಿನ ಮಾತು ನನ್ನದು. ವ್ಯಾಪಾರಕ್ಕೆ ರಕ್ಷಣೆ ಬೇಕು ಅಂತ ಲೈಸೆನ್ಸ್ ಪಡೆದ ಯಜಮಾನರು ಒಳ್ಳೆಯವರೇ ಆಗಿದ್ದರೆ, ಅವರಿಗೆ ಈ ಲೆಕ್ಕ ಭಾರವಾಗಬಾರದು. ಜಿ.ಎಸ್.ಟಿ.ಗೆ ಒಂದೊಂದು ಸೋಪಿನ ಲೆಕ್ಕ ಬರೆಯೋರಿಗೆ ಇಪ್ಪತ್ತೈದು ತೋಟಾ ಲೆಕ್ಕ ಇಡೋದು ಕಷ್ಟವೇ? ಅವರ ಮನೆಯಿಂದ ನಾಲ್ಕು ಕಳುವಾಗಿ ಯಾರದೋ ಎದೆಗೆ ನಾಟಿದರೆ, ಆ ಲೆಕ್ಕವೇ ಅವರನ್ನ ಕಾಪಾಡುತ್ತೆ.

ಮೊನ್ನೆ ತಿರುಗಿ ಆ ಠಾಣೆಗೆ ಹೋಗಿದ್ದೆ. ನನ್ನ ಕೊಳವೆ ಏನಾಯ್ತು ಅಂತ ಕೇಳಿದೆ. ಡ್ರಾಯರ್ ಎಳೆದರು. ಪೆನ್ನು ಇತ್ತು, ಸ್ಟಾಂಪ್ ಪ್ಯಾಡು ಇತ್ತು, ಹಳೇ ಬಸ್ ಟಿಕೆಟ್ ಇತ್ತು. ಕೊಳವೆ ಇರಲಿಲ್ಲ. "ಕ್ಲೀನ್ ಮಾಡೋವಾಗ ಹೋಗಿರಬೇಕು" ಅಂದರು.

ಎಲ್ಲಿಗೆ ಹೋಗಿರುತ್ತೆ? ಹಿತ್ತಾಳೆ ಅಲ್ಲವೇ, ಮತ್ತೆ ಯಾವುದೋ ಗುಜರಿ ಅಂಗಡಿಗೇ ಹೋಗಿರುತ್ತೆ. ಕೆ.ಜಿ. ಲೆಕ್ಕದಲ್ಲಿ.